ಸ್ಕೂಟಿ ಸೀಟಿನ ಮೇಲಿನ ಹೊಂಗೆ ಹೂವು

ಸಾಗರ
ಏಪ್ರಿಲ್ ತಿಂಗಳು

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಸಿಕ್ಕಿತು. ‘ನೀನು’ ಅಂತಲೇ ಕರೆಯಿರಿ ಅಂದಿದ್ದೀಯಲ್ಲ, ಹಾಗೇ ಕರೆಯುತ್ತೇನೆ. ಜೊತೆಗೆ ಕಳಿಸಿದ ಯುಗಾದಿಯ ಲೇಖನವನ್ನೂ ನಿಧಾನವಾಗಿ ಓದಿದೆ. ಭಾಷೆ ಚೆನ್ನಾಗಿದೆ, ತಪ್ಪಿಲ್ಲ. ಚೈತ್ರ ಬಂತು, ಮಾಮರ ಚಿಗುರಿತು, ಕೋಗಿಲೆ ಹಾಡಿದಳು, ಭೂಮಿತಾಯಿ ಹಸಿರು ಸೀರೆ ಉಟ್ಟಳು. ಎಲ್ಲ ಇದೆ. ಆದರೆ ನೀನಿರುವ ತಿಪಟೂರು ಮಾತ್ರ ಎಲ್ಲೂ ಕಾಣಲಿಲ್ಲ. ಕಿಟಕಿ ಹಾಕಿಕೊಂಡು ಕೂತರೂ ಇಂಥ ಲೇಖನ ಬರೆಯಬಹುದು, ಅಲ್ವಾ?

ನನಗೆ ತುಂಬ ಹಿಡಿಸಿದ್ದು ನಿನ್ನ ಪತ್ರದ ಕೊನೆಗೆ ಸುಮ್ನೆ ಬಂದು ಹೋಗುವ ಮಾತು. ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ ಸ್ಕೂಟಿ ನಿಲ್ಲಿಸುತ್ತೀಯ. ಸಂಜೆ ಬರುವಷ್ಟರಲ್ಲಿ ಸೀಟಿನ ತುಂಬ ಹೂವು. ಕೈಯಲ್ಲಿ ಸವರಿ ಬೀಳಿಸಿ ಮನೆಗೆ ಹೊರಡುತ್ತೀಯ. ಇಷ್ಟು ಬರೆದು, ‘ನನ್ನ ದಿನ ಇಷ್ಟೇ, ಬರೆಯುವಂಥದ್ದು ಏನೂ ನಡೆಯೋದಿಲ್ಲ’ ಅಂದಿದ್ದೀಯ. ತಂಗೀ, ನನಗೆ ಓದಬೇಕು ಅನ್ನಿಸಿದ್ದೇ ಅದು.

ಒಂದು ಸಂಜೆ ಆ ಹೂವನ್ನು ಅಂಗೈಗೆ ತಗೊಂಡು ನೋಡು. ಅವರೆ ಹೂವಿನ ಬಳಗದ್ದು, ಆಕಾರವೂ ಹೆಚ್ಚುಕಡಿಮೆ ಹಾಗೇ. ಉಗುರಿನಷ್ಟು ಸಣ್ಣದು. ದೂರಕ್ಕೆ ಬಿಳಿ, ಹತ್ತಿರ ಹಿಡಿದರೆ ತಿಳಿ ನೇರಳೆಯ ಛಾಯೆ. ಇಡೀ ಹೂವೇ ಉದುರುವುದರಿಂದ ಮರದ ಬುಡದಲ್ಲಿ ಮಂಡಕ್ಕಿ ಚೆಲ್ಲಿದ ಹಾಗಿರುತ್ತೆ. ತಲೆ ಎತ್ತಿ ಸ್ವಲ್ಪ ಹೊತ್ತು ನಿಂತರೆ ಜೇನ್ನೊಣಗಳ ಸದ್ದು ಕೇಳುತ್ತೆ. ಅಷ್ಟು ಸುಡುವ ಬಿಸಿಲಲ್ಲೂ ಅದರ ಎಲೆ ಎಳೆ ಹಸಿರಾಗಿ ಹೊಳೆಯುತ್ತಿರುತ್ತೆ. ಆಮೇಲೆ ನಿಮ್ಮೂರ ಕೊಬ್ಬರಿ ಮಂಡಿಗೆ ಬರುವ ವಯಸ್ಸಾದ ರೈತರ ಹತ್ತಿರ ಹೊಂಗೆಯ ಮಾತು ತೆಗೆ. ಅದರ ಎಣ್ಣೆಯಲ್ಲಿ ದೀಪ ಹಚ್ಚಿದ್ದು, ಸೊಪ್ಪನ್ನು ಗದ್ದೆಗೆ ತುಳಿದದ್ದು, ಹಿಂಡಿಯನ್ನು ತೆಂಗಿನ ಬುಡಕ್ಕೆ ಹಾಕಿದ್ದು, ಒಂದೊಂದಾಗಿ ಹೊರಗೆ ಬರುತ್ತೆ. ಅವರು ಹೇಳುವ ಧಾಟಿಯನ್ನೂ ಕೇಳಿಸಿಕೋ.

ಸ್ಫೂರ್ತಿ ಎಲ್ಲಿಂದ ತರಲಿ ಅಂತ ಕೇಳಿದ್ದೀಯ. ಮೊದಲು ಸುಖ ಪಡು ಅಂತಷ್ಟೇ ನಾನು ಹೇಳಬಲ್ಲೆ. ನೋಡಿದ ತಕ್ಷಣ ‘ಇದನ್ನು ಹೇಗೆ ಬರೆಯಲಿ’ ಅಂತ ಯೋಚಿಸಿದರೆ ಕಣ್ಣು ಅಲ್ಲಿಗೇ ನಿಂತುಬಿಡುತ್ತೆ. ತಿನ್ನುವಾಗ ತಿನ್ನು, ಮೂಸುವಾಗ ಮೂಸು. ಪೂರ್ತಿ ಸವಿದದ್ದು ಬರೆಯಲು ಕೂತಾಗ ತಾನಾಗಿ ಕೈಗೆ ಬರುತ್ತೆ. ಇದನ್ನು ನಾನು ನಂಬಿಕೊಂಡೇ ಇಷ್ಟು ವರ್ಷ ಬರೆದಿದ್ದೇನೆ.

ಕೋಗಿಲೆಯ ವಿಷಯ ಒಂದು ಹೇಳಬೇಕು. ‘ಹಾಡಿದಳು’ ಅಂತ ಬರೆದಿದ್ದೀಯ. ಕುಹೂ ಕುಹೂ ಅನ್ನುವುದು ಗಂಡು. ಅದೇ ಕಪ್ಪಗೆ ಮಿಂಚುವುದು, ಕಣ್ಣು ಕೆಂಪು. ಹೆಣ್ಣಿನ ಮೈಮೇಲೆಲ್ಲ ಕಂದು-ಬಿಳಿ ಚುಕ್ಕಿ, ಅದರ ಕೂಗು ಕಿಕ್ ಕಿಕ್ ಅಂತ ಚುರುಕು. ಈಗ ಕಾಗೆಗಳು ಕಡ್ಡಿ ಕಚ್ಚಿಕೊಂಡು ಹೋಗುವುದನ್ನು ನೋಡು, ಕೋಗಿಲೆಯೂ ಅಲ್ಲೇ ಸುತ್ತುತ್ತಿರುತ್ತೆ. ಅದಕ್ಕೆ ಮೊಟ್ಟೆ ಇಡಲು ಆ ಗೂಡೇ ಬೇಕಲ್ಲ. ನಾವು ಇಂಪು ಅಂತ ಕೇಳುವ ಹೊತ್ತಿನಲ್ಲಿ ಆ ಮರದಲ್ಲಿ ಒಂದು ದೊಡ್ಡ ಜಗಳವೇ ನಡೆದಿರಬಹುದು. ಇದು ಗೊತ್ತಾದ ಮೇಲೆ ನನಗೆ ಆ ದನಿ ಇನ್ನೂ ಜಾಸ್ತಿ ಇಷ್ಟವಾಯಿತು.

ನಮ್ಮ ಕಡೆ ಈಗ ಅಪ್ಪೆಮಿಡಿಯ ಕಾಲ ಮುಗಿಯುತ್ತಾ ಬಂತು. ಶರಾವತಿ, ಅಘನಾಶಿನಿ ದಂಡೆಗಳಲ್ಲಿ ಈ ಮಾವಿನ ಮರಗಳು ಆಕಾಶಕ್ಕೆ ಬೆಳೆದು ನಿಂತಿರುತ್ತವೆ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿ ಕೆಡುತ್ತೆ. ಅದಕ್ಕೇ ಮರ ಹತ್ತಿದವರು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ, ತೊಟ್ಟನ್ನೂ ಉಳಿಸಿಕೊಂಡು ಕೊಯ್ಯುತ್ತಾರೆ. ಅಂಗಳದಲ್ಲಿ ಹೆಂಗಸರು ಮಿಡಿ ಕೈಗೆತ್ತಿಕೊಂಡು ತೊಟ್ಟು ಮುರಿಯುತ್ತಾರೆ. ಚಿರ್ರನೆ ಸೊನೆ ಹಾರುತ್ತೆ. ಮೂಗಿನ ಹತ್ತಿರ ತಂದು, ‘ಇದು ಜೀರಿಗೆ’, ‘ಇದು ಕರ್ಪೂರ’ ಅನ್ನುತ್ತಾರೆ. ಒಂದೊಂದು ಮರಕ್ಕೂ ಒಂದೊಂದು ವಾಸನೆ. ಹೆಸರೂ ಹಾಗೇ: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ. ಮನುಷ್ಯರ ಹೆಸರು, ಊರಿನ ಹೆಸರು ಹೊತ್ತ ಮರಗಳು. ನಿನ್ನ ಲೇಖನದ ‘ಮಾಮರ’ಕ್ಕೂ ಇಂಥದ್ದೊಂದು ಹೆಸರು, ಅದರ ಯಜಮಾನ, ಅದರ ಕೆಳಗೆ ಆಡುವ ಮಕ್ಕಳು ಇರಬೇಕಿತ್ತು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕಿಟ್ಟರೆ ಕೆಲವು ದಿನಕ್ಕೆ ನೀರು ಬಿಟ್ಟು ಮಿಡಿ ಮುರುಟಿಕೊಳ್ಳುತ್ತೆ. ಆಮೇಲೇ ಸಾಸಿವೆ, ಮೆಣಸಿನ ಖಾರ ಕಡೆಯುವುದು. ಅವಸರ ಮಾಡುವ ಹಾಗೇ ಇಲ್ಲ.

ಕಾಫಿ ಸೀಮೆಯ ಹೂವಿನ ಬಗ್ಗೆ ಬರೆಯುವ ಆಸೆ ಇದೆ ಅಂದಿದ್ದೀಯ. ಖಂಡಿತ ಹೋಗು, ಆದರೆ ತೋಟದವರ ಜೊತೆ ಮಾತಾಡದೆ ಬರಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಹದವಾದ ಒಂದು ಮಳೆ ಬಿದ್ದು 8-10 ದಿನಕ್ಕೆ ಗಿಡಗಳೆಲ್ಲ ಒಟ್ಟಿಗೆ ಬೆಳ್ಳಗಾಗುತ್ತವೆ. ಮಲ್ಲಿಗೆಯಂಥದೇ ಪರಿಮಳ. ಕೆಲವೇ ದಿನ, ಆಮೇಲೆ ಕಂದಿಹೋಗುತ್ತೆ. ನೋಡಲು ಹೋದವರು ಫೋಟೊ ತೆಗೆದು ವಾಪಸ್ ಬರುತ್ತಾರೆ. ಬೆಳೆಗಾರರು ಇನ್ನೊಂದು ಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ. ಅದು ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಾಯಿ ಚೆನ್ನಾಗಿ ಕಟ್ಟುವುದಿಲ್ಲ. ಆ ಪರಿಮಳದ ನಡುವೆಯೇ ಈ ಆತಂಕವೂ ಇದೆ. ಎರಡನ್ನೂ ಬರೆದರೆ ಓದುವವರಿಗೆ ಪೂರ್ತಿ ಸಿಗುತ್ತೆ.

ಬೆಂಗಳೂರಿನ ಗೆಳತಿಯರು ಗುಲಾಬಿ ಟಬೆಬುಯಾ, ನೇರಳೆ ಜಕರಾಂಡ ಫೋಟೊ ಹಾಕಿದಾಗ ಹೊಟ್ಟೆ ಉರಿಯುತ್ತೆ ಅಂತ ಬರೆದಿದ್ದೀಯ. ಚೆಂದದ ಮರಗಳೇ, ಎರಡೂ ಅಮೆರಿಕ ಖಂಡಗಳ ಕಡೆಯಿಂದ ಬಂದವು. ನಿನಗೆ ಅರಸೀಕೆರೆ, ಕಡೂರು ಕಡೆಯ ಬಯಲಿನ ಮುತ್ತುಗ ಇದೆ. ಎಲೆಯೇ ಇಲ್ಲದ ಕೊಂಬೆಯಲ್ಲಿ ಕೆಂಡದ ಬಣ್ಣದ ಹೂವು. ಈ ವರ್ಷದ್ದು ಮುಗಿದಿರುತ್ತೆ. ಮುಂದಿನ ಫೆಬ್ರವರಿಯಲ್ಲಿ ರೈಲಿನ ಕಿಟಕಿ ಹತ್ತಿರ ಕೂತುಕೋ.

ಬೇವಿನ ಹೂವು ಮಾತ್ರ ಈಗಲೇ ಸಿಗುತ್ತೆ. ಕತ್ತಲಾದ ಮೇಲೆ ಬೇವಿನ ಮರದ ಕೆಳಗೆ ಹೋಗಿ ನಿಲ್ಲು, ಕಹಿ ಮರದಿಂದ ಜೇನಿನಂಥ ವಾಸನೆ ಬರುತ್ತೆ. ಧಾರವಾಡದ ಕಡೆ ಯುಗಾದಿಗೆ ಬೇವನ್ನು ಪಾನಕದ ಹಾಗೆ ಕಲಸಿ ಕುಡಿಯುತ್ತಾರೆ. ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ? ಹೂವು ಹಾಕುತ್ತೀರೋ, ಚಿಗುರೋ? ಮಾಡುವವರು ಯಾರು, ಮೊದಲು ಯಾರ ಕೈಗೆ ಕೊಡುತ್ತಾರೆ? ಲೇಖನದಲ್ಲಿ ಬೇವು ಕಷ್ಟ, ಬೆಲ್ಲ ಸುಖ ಅಂತ ಬರೆದು ಮುಗಿಸಿದ್ದೀಯ. ಅದು ನಮಗೆಲ್ಲ ಗೊತ್ತು. ನಿಮ್ಮ ಅಡುಗೆಮನೆ ನಮಗೆ ಗೊತ್ತಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ತಾರೀಕು ಹಾಕಿ ದಿನಕ್ಕೆ ಎರಡು ಮೂರು ಸಾಲು ಬರೆ, ಸಾಕು. ಉಪಮೆ ಬೇಡ, ವರ್ಣನೆ ಬೇಡ. ಯಾವ ಮರ, ಯಾವ ಬೀದಿ, ಯಾರು ಏನಂದರು, ಅಷ್ಟೇ. ಮುಂದಿನ ಯುಗಾದಿಗೆ ಅದನ್ನು ತೆಗೆದು ನೋಡಿದರೆ ನಿನ್ನ ಹತ್ತಿರ ತಿಪಟೂರಿನ ಒಂದು ಇಡೀ ವರ್ಷ ಇರುತ್ತೆ.

ಮಳೆಗಾಲ ಶುರುವಾಗುವುದರೊಳಗೆ ಹೊಂಗೆಯ ಬಗ್ಗೆ ಬರೆದು ಕಳಿಸು. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಸಾಲುಗಳ ಮಧ್ಯೆ ಜಾಗ ಬಿಟ್ಟಿರು, ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಮನೆಯ ವಿಳಾಸವನ್ನೂ ಬರೆ, ಆಫೀಸಿನದು ಬೇಡ. ಉಪ್ಪಿನಕಾಯಿ ಕಳಿಸುವುದಿದೆ.

ಪ್ರೀತಿಯಿಂದ,
ನಿನ್ನ ಅಕ್ಕ