ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಎಂದವರು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು: ಜೈಲಿಗೆ ಹೋದ ಮೇಲೆ ಎಲ್ಲರಿಗೂ ದೇವರು ನೆನಪಾಗುತ್ತಾನೆ, ಹೊರಗೆ ಬಂದ ಮೇಲೆ ಮರೆತುಹೋಗುತ್ತಾನೆ ಎಂದು. ಕೈದಿಗಳಿಗೆ ಪ್ರಾರ್ಥನೆ, ಪ್ರವಚನ ಎಲ್ಲ ಯಾಕೆ ಎಂದೂ ಕೇಳಿದ್ದರು. ನಾನು ಜೈಲಿನಲ್ಲಿದ್ದವನು. ಒಟ್ಟು ಎರಡು ವರ್ಷ. ಸುಮ್ನೆ ಕೂರಲು ಆಗದೆ ಬರೆಯುತ್ತಿದ್ದೇನೆ. ಪತ್ರ ಹಾಕಿದರೆ ದಯವಿಟ್ಟು ಹೆಸರು ಹಾಕಬೇಡಿ. ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಅಜ್ಜ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಅಮ್ಮ ಬೇರೆಯವರ ಮನೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ನಮ್ಮನ್ನು ಸಾಕಿದಳು. ರಾತ್ರಿ ಊಟಕ್ಕೆ ಮೊದಲು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಲೇಬೇಕು. ಜಪಸರದ ಮಣಿ ಸರಿಸುವಾಗ ಅವಳ ಬೆರಳ ತುದಿಯಲ್ಲಿ ಅಡಿಕೆಯ ಕಪ್ಪು ಕಲೆ ಕಾಣುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಇದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ. ಹುಟ್ಟಿನಿಂದ ಕ್ರೈಸ್ತ, ಸರಿ. ನಂಬಿಕೆ ಮಾತ್ರ ಅಮ್ಮನದು. ನನಗೆ ಕ್ರಿಸ್‌ಮಸ್‌ಗೆ ಹೊಸ ಅಂಗಿ ಸಿಕ್ಕರೆ ಸಾಕಿತ್ತು.

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ 19 ವರ್ಷ ಗುಮಾಸ್ತನಾಗಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಬೆಳೆಗಾರರು ಅಡಿಕೆ ಮಾರಿದ ದುಡ್ಡನ್ನೆಲ್ಲ ಒಂದೇ ಸಲ ಒಯ್ಯುವುದಿಲ್ಲ. ಮಂಡಿಯ ಖಾತೆಯಲ್ಲೇ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು, ಮಕ್ಕಳ ಫೀಸಿಗೆ, ಬೇಕಾದಾಗ ಬಂದು ತೆಗೆದುಕೊಳ್ಳುತ್ತಾರೆ. ಆ ಖಾತೆ ಪುಸ್ತಕ ನನ್ನ ಕೈಯಲ್ಲಿತ್ತು. ನನಗೆ ಓಸಿ ಜೂಜು ಆಡುವ ಚಟ ಹತ್ತಿತ್ತು. ಎರಡು ವರ್ಷದಲ್ಲಿ 14 ಜನರ ಖಾತೆಯಿಂದ 4,60,000 ರೂಪಾಯಿ ತೆಗೆದೆ.

ಅವರಲ್ಲಿ ಹೊಸನಗರ ಕಡೆಯ ಒಬ್ಬ ಅಜ್ಜ ಇದ್ದರು. ಬಂದಾಗಲೆಲ್ಲ ಕನ್ನಡಕ ಮನೆಯಲ್ಲೇ ಮರೆತು ಬಂದಿರುತ್ತಿದ್ದರು. 'ನನ್ನ ಬಾಕಿ ಎಷ್ಟಿದೆ ನೋಡು ಮಾರಾಯ' ಎನ್ನುತ್ತಿದ್ದರು. ಒಂದು ದಿನ 62,000 ಇದ್ದದ್ದನ್ನು 40,000 ಎಂದೆ. ಅವರು ಹೂಂ ಎಂದು ತಲೆಯಾಡಿಸಿದರು. ಚೀಲದಿಂದ ಹಲಸಿನ ಹಪ್ಪಳದ ಒಂದು ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಾಳೆನಾರಿನಲ್ಲಿ ಕಟ್ಟಿದ್ದರು. 'ಮನೇಲಿ ಮಾಡಿದ್ದು, ಮಕ್ಕಳಿಗೆ ಕೊಡು' ಎಂದು ಹೇಳಿ ಹೋದರು. ಆ ಹಪ್ಪಳ ಮನೆಗೆ ಒಯ್ದೆ. ಎಲ್ಲರೂ ತಿಂದೆವು.

2016ರ ಜೂನ್‌ನಲ್ಲಿ ಸಿಕ್ಕಿಬಿದ್ದೆ. ಎರಡು ತಿಂಗಳಾದ ಮೇಲೆ ಕೋರ್ಟು ಜಾಮೀನು ಕೊಟ್ಟಿತು. ಆದರೆ ಜಾಮೀನು ಸಿಗುವುದು ಬೇರೆ, ಹೊರಗೆ ಬರುವುದು ಬೇರೆ. ಒಬ್ಬರು ಪಹಣಿ ತಂದು ಶ್ಯೂರಿಟಿ ನಿಲ್ಲಬೇಕು. ನಾನು ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಅವರು ದುಡ್ಡು ಕಟ್ಟಬೇಕು. ಅಣ್ಣ ಆಗುವುದಿಲ್ಲ ಎಂದ. ಹೆಂಡತಿ ಕಡೆಯವರು ಫೋನೇ ಎತ್ತಲಿಲ್ಲ. ಅವರನ್ನು ದೂರುವುದಿಲ್ಲ. ನಂಬಿದವರ ದುಡ್ಡು ತಿಂದವನಿಗೆ ಯಾರು ತಾನೇ ಪಹಣಿ ಕೊಡುತ್ತಾರೆ? ಜಾಮೀನಿನ ಆದೇಶ ಆದ ಮೇಲೂ ಐದು ತಿಂಗಳು ಒಳಗೇ ಇದ್ದೆ.

ಸಂಜೆ ಬೆಳಕಿರುವಾಗಲೇ ಎಣಿಕೆ ಮುಗಿಸಿ ಬ್ಯಾರಕ್‌ಗೆ ಬೀಗ ಹಾಕುತ್ತಾರೆ. ಆಮೇಲೆ ರಾತ್ರಿ ಬಹಳ ಉದ್ದ. ಆ ವರ್ಷ ಮಳೆ ಸದ್ದು ಕೇಳಿದಾಗಲೆಲ್ಲ ಊರಲ್ಲಿ ಈಗ ಔಷಧಿ ಹೊಡೆಯುತ್ತಿರುತ್ತಾರೆ, ಅದಕ್ಕೆ ದುಡ್ಡು ಎಲ್ಲಿಂದ ತಂದರೋ ಎಂದು ಆ 14 ಜನ ಕಣ್ಣ ಮುಂದೆ ಬರುತ್ತಿದ್ದರು. ಬದುಕೋದೇ ಬೇಡ ಅನಿಸಿದ ರಾತ್ರಿಗಳೂ ಇದ್ದವು.

ಎರಡು ವಾರಕ್ಕೊಮ್ಮೆ ಒಬ್ಬರು ವಯಸ್ಸಾದ ಸಿಸ್ಟರ್ ಬರುತ್ತಿದ್ದರು. ಕಥೋಲಿಕ ಸಭೆಯಲ್ಲಿ ಜೈಲುಗಳಿಗೆ ಹೋಗುವವರ ಒಂದು ಸೇವಾ ಬಳಗವಿದೆ. 1981ರಲ್ಲಿ ಕೇರಳದಲ್ಲಿ ಶುರುವಾದದ್ದು. ಸಿಸ್ಟರ್ ಆ ಬಳಗದವರು. ನೂಲಿನ ಸೀರೆ, ಕೈಯಲ್ಲಿ ಕರಿ ಕೊಡೆ, ಚೀಲದ ತುಂಬ 50 ಪೈಸೆಯ ಪೋಸ್ಟ್ ಕಾರ್ಡು. ಬಂದವರೇ ಒಬ್ಬೊಬ್ಬರನ್ನೂ ಕೇಳುತ್ತಿದ್ದದ್ದು ಒಂದೇ: 'ಮನೆಗೆ ಬರೆದ್ಯಾ?' ಅಕ್ಷರ ಬಾರದವರಿಗೆ ತಾವೇ ಬರೆದುಕೊಡುತ್ತಿದ್ದರು. ನಾನು ಎರಡು ತಿಂಗಳು ಅವರಿಂದ ತಪ್ಪಿಸಿಕೊಂಡೆ. ಅಮ್ಮನ ವಯಸ್ಸಿನವರು. ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ಅವರ ಹತ್ತಿರ ಹೋದದ್ದು ದೇವರಿಗಾಗಿ ಅಲ್ಲ. ಶ್ಯೂರಿಟಿಗೆ ಯಾರಾದರೂ ಸಿಗುತ್ತಾರಾ ಎಂದು ಕೇಳಲು ಹೋದೆ. ನಿಮ್ಮ ಓದುಗರ ಮಾತು ಅಷ್ಟರ ಮಟ್ಟಿಗೆ ನಿಜ. ಸಿಸ್ಟರ್ 'ನೋಡ್ತೀನಪ್ಪ' ಎಂದರು. ನಾನು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ ಎಂದು ತಿಳಿದು, ಬೈಬಲ್‌ನಲ್ಲಿ ಒಂದು ಪುಟಕ್ಕೆ ಕಾಗದ ಇಟ್ಟು ಕೊಟ್ಟರು. 'ಇದನ್ನ ಓದು. ಸಣ್ಣದು' ಎಂದರು.

ಅದು ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಎಂಬವನು ಜೈಲಿನಿಂದ ಫಿಲೆಮೋನ ಎಂಬ ಯಜಮಾನನಿಗೆ ಬರೆದ ಕಾಗದ. ಇಡೀ ಕಾಗದ 25 ವಚನ. ಫಿಲೆಮೋನನ ಮನೆಯ ಆಳು ಒನೇಸಿಮ ಯಜಮಾನನನ್ನು ಬಿಟ್ಟು ಬಂದಿದ್ದ. ಪೌಲನ ಹತ್ತಿರ ಇದ್ದು ಮನಸ್ಸು ಬದಲಾಯಿತು. ಒನೇಸಿಮ ಅಂದರೆ ಪ್ರಯೋಜನಕ್ಕೆ ಬರುವವನು ಎಂದರ್ಥವಂತೆ. ಮೊದಲು ನಿನಗೆ ಪ್ರಯೋಜನ ಇಲ್ಲದವನಾಗಿದ್ದ, ಈಗ ಇಬ್ಬರಿಗೂ ಬೇಕಾದವನು, ನಾನು ಸೆರೆಯಲ್ಲಿದ್ದಾಗ ನನಗೆ ಹುಟ್ಟಿದ ಮಗ, ನನ್ನನ್ನೇ ಸೇರಿಸಿಕೊಂಡ ಹಾಗೆ ಇವನನ್ನು ಸೇರಿಸಿಕೋ ಎಂದು ಪೌಲ ಬರೆಯುತ್ತಾನೆ. ಆಮೇಲೆ ಒಂದು ಮಾತಿದೆ. ಇವನು ನಿನಗೆ ಅನ್ಯಾಯ ಮಾಡಿದ್ದರೆ, ಏನಾದರೂ ಕೊಡಬೇಕಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ. ಇದನ್ನು ನನ್ನ ಕೈಯಾರೆ ಬರೆದಿದ್ದೇನೆ ಎಂದೂ ಸೇರಿಸುತ್ತಾನೆ.

ಜೀವನ ಪೂರ್ತಿ ಖಾತೆ ಪುಸ್ತಕ ಬರೆದವನಿಗೆ ಈ ಮಾತು ಹೇಗೆ ತಾಗಿತು ಅಂತ ಹೇಳಲು ಬರುವುದಿಲ್ಲ. ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಹಾಕಬೇಕಾದರೆ ಅವರು ಬಂದು ಸಹಿ ಹಾಕಬೇಕು. ಯಾರೂ ಹಾಗೆ ಸಹಿ ಹಾಕುವುದಿಲ್ಲ. 19 ವರ್ಷದಲ್ಲಿ ನಾನು ನೋಡಿಲ್ಲ. ಜೈಲಿನಲ್ಲಿ ಕೂತವನೊಬ್ಬ ಸಹಿ ಹಾಕಿದ್ದ. ಅಮ್ಮ ದಿನಾ ರಾತ್ರಿ ಹೇಳುತ್ತಿದ್ದದ್ದು ಇದನ್ನೇ, ಯೇಸು ನನ್ನ ಬಾಕಿಗೆ ಸಹಿ ಹಾಕಿದ್ದನ್ನೇ, ಎಂದು ಆಗ ಗೊತ್ತಾಯಿತು.

ಒಂದು ನೋಟ್‌ಬುಕ್ ಕೇಳಿ ತೆಗೆದುಕೊಂಡೆ. 14 ಜನರ ಹೆಸರು, ಊರು, ಯಾರಿಂದ ಎಷ್ಟು ಎಂದು ನೆನಪಿನಿಂದ ಬರೆದೆ. ಮೂರು ರಾತ್ರಿ ಹಿಡಿಯಿತು. ಅಜ್ಜನ 22,000 ಬರೆಯುವಾಗ ಕೈ ನಡುಗಿತು. ಪೊಲೀಸರ ಲೆಕ್ಕದಲ್ಲಿ ಇಲ್ಲದ ಎರಡು ಮೊತ್ತವೂ ಅದರಲ್ಲಿತ್ತು. ಅದೇ ನವೆಂಬರ್ 8ರಂದು 500, 1,000ದ ನೋಟು ರದ್ದಾಯಿತು. ಬ್ಯಾರಕ್‌ನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ನಾನು ಯಾವ ನೋಟಿಗಾಗಿ ಒಳಗೆ ಬಂದಿದ್ದೆನೋ ಅದೇ ನೋಟು ನಡೆಯದಂತಾಗಿತ್ತು.

ಪಟ್ಟಿ ಮುಗಿದ ರಾತ್ರಿ ಮೊದಲ ಸಲ ನಾನಾಗಿ ತೇರ್ಸ್ ಹೇಳಿದೆ. ಮಣಿ ಇರಲಿಲ್ಲ. ಬೆರಳ ಗೆಣ್ಣಿನಲ್ಲಿ ಎಣಿಸಿದೆ. ಪಕ್ಕದಲ್ಲಿ ಮಲಗಿದ್ದ ಭದ್ರಾವತಿಯ ಹುಡುಗ 'ಏನಣ್ಣಾ ಎಣಿಸ್ತಾ ಇದೀಯ?' ಎಂದ. 'ಲೆಕ್ಕ ಕಣೋ' ಎಂದೆ. ನನ್ನನ್ನು ಪೂರ್ತಿ ಬಲ್ಲವನೊಬ್ಬ ಇದ್ದಾನೆ, ಎಲ್ಲ ಗೊತ್ತಿದ್ದೂ ನನ್ನ ಪಕ್ಕ ನಿಂತಿದ್ದಾನೆ ಅನ್ನುವುದು ಅವತ್ತು ಖಾತ್ರಿಯಾಯಿತು. ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು.

ಮತಾಂತರದ ಅನುಮಾನ ಇರುವವರಿಗಾಗಿ ಇಲ್ಲೇ ಒಂದು ಮಾತು. ಆ ಭದ್ರಾವತಿಯ ಹುಡುಗ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತಿದ್ದ. ಸಿಸ್ಟರ್ ಅವನಿಗೆ 'ಹೋದಾಗ ನನಗೂ ಬೇಡ್ಕೊಳಪ್ಪಾ, ಮಂಡಿನೋವು ಜಾಸ್ತಿಯಾಗಿದೆ' ಎಂದಿದ್ದರು. ಬಿಡುಗಡೆಯಾದ ಮೇಲೆ ಅವನು ಲಾಂಚ್‌ನಲ್ಲಿ ಹಿನ್ನೀರು ದಾಟಿ ಹೋಗಿ ಹರಕೆ ತೀರಿಸಿದ. ಸಿಸ್ಟರ್‌ಗೆ ಕುಂಕುಮ ಪ್ರಸಾದ ತಂದು ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರಂತೆ.

2017ರ ಜನವರಿಯಲ್ಲಿ ನನಗೆ ಶ್ಯೂರಿಟಿ ಸಿಕ್ಕಿತು. ಸಿಸ್ಟರ್ ಹೇಳಿದ್ದಕ್ಕೆ ಬಂದವರು, ನಾನು ಹಿಂದೆಂದೂ ನೋಡದ ಒಬ್ಬ ಹಿರಿಯರು. ಅವರಿಗಿರುವುದೇ ಒಂದು ಎಕರೆ ತೋಟ. ಕೋರ್ಟಿನ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದರು. ಪಹಣಿಯನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. 'ನಾನು ಏನು ಮಾಡಿದೀನಿ ಅಂತ ನಿಮಗೆ ಗೊತ್ತಾ?' ಎಂದು ಕೇಳಿದೆ. 'ಸಿಸ್ಟರ್ ಹೇಳಿದಾರೆ. ಪಹಣಿ ಮನೇಲಿ ಸುಮ್ನೆ ಬಿದ್ದಿತ್ತು. ನೀನು ತಾರೀಖು ತಪ್ಪಿಸಬೇಡ, ಅಷ್ಟು ಸಾಕು' ಎಂದರು. ಬೈಬಲ್‌ನಲ್ಲಿ ಒಂದು ಕಡೆ ಯೇಸುವನ್ನು ಹೊಣೆಗಾರ ಎಂದು ಕರೆದಿದ್ದಾರೆ. ಹೊಣೆಗಾರ ಅಂದರೆ ಶ್ಯೂರಿಟಿಯೇ ಅಲ್ವಾ? ಆ ಪದ ಓದಿದಾಗಲೆಲ್ಲ ನನಗೆ ಆ ಪ್ಲಾಸ್ಟಿಕ್ ಕವರು ಕಾಣುತ್ತದೆ.

ಹೊರಗೆ ಬಂದ ಮೇಲೆ ದೇವರನ್ನು ಮರೆತೆನಾ? ಕೇಸು ನಡೆದಾಗ ತಪ್ಪು ಒಪ್ಪಿಕೊಂಡೆ. ವಕೀಲರಿಗೆ ಸಿಟ್ಟು ಬಂತು. ಎರಡು ವರ್ಷ ಸಜೆಯಾಯಿತು. ಮೊದಲೇ ಕಳೆದ ಏಳು ತಿಂಗಳು ವಜಾ ಆಗಿ 17 ತಿಂಗಳು ಉಳಿಯಿತು. ಅಪೀಲು ಹಾಕೋಣ ಎಂದರು, ಬೇಡ ಎಂದೆ. ಎರಡನೇ ಸಲ ಆ ಗೇಟು ದಾಟುವಾಗ ಭಯವಿರಲಿಲ್ಲ. ಆ 17 ತಿಂಗಳು ಪೋಸ್ಟ್ ಕಾರ್ಡು ಬರೆದುಕೊಡುವ ಕೆಲಸ ನನ್ನದಾಯಿತು.

ಇದ್ದ ಒಂದು ಸೈಟು ಮಾರಿ 2,90,000 ತೀರಿಸಿದೆ. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಇನ್ನು ಮೂರು ಜನರಿಗೆ ಸೇರಿ 38,000 ಬಾಕಿ ಇದೆ. ಬೈಬಲ್‌ನಲ್ಲಿ ಜಕ್ಕಾಯ ಎಂಬ ಸುಂಕದವನು ನಾಲ್ಕು ಪಟ್ಟು ವಾಪಸ್ ಕೊಡುತ್ತೇನೆ ಎಂದನಂತೆ. ನನಗೆ ಒಂದು ಪಟ್ಟಿಗೇ ಇಷ್ಟು ವರ್ಷ ಬೇಕಾಯಿತು. ಹೊಸನಗರದ ಅಜ್ಜ ನಾನು ಹೋಗುವಷ್ಟರಲ್ಲಿ ತೀರಿಹೋಗಿದ್ದರು. ಮಗ ದುಡ್ಡು ಎಣಿಸಿಕೊಂಡು, 'ಇನ್ನು ಈ ಕಡೆ ಬರಬೇಡಿ' ಎಂದರು. ಅವರು ಹೇಳಿದ್ದು ಸರಿ. ನನ್ನನ್ನು ಕ್ಷಮಿಸಿ ಎಂದು ಒತ್ತಾಯ ಮಾಡುವ ಹಕ್ಕು ನನಗಿಲ್ಲ.

ಈಗ ಒಂದು ಅಡಿಕೆ ಹಾಳೆಯ ತಟ್ಟೆ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮಾಲೀಕರಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಕರೆದರು. ಹೋದ ವರ್ಷದಿಂದ ಲೆಕ್ಕದ ಪುಸ್ತಕವನ್ನೂ ಕೊಟ್ಟಿದ್ದಾರೆ.

ಪತ್ರ ಬರೆದ ಓದುಗರಿಗೂ ಉಳಿದವರಿಗೂ ನನ್ನದೊಂದು ಬೇಡಿಕೆ ಇದೆ. ಸರ್ಕಾರಿ ಲೆಕ್ಕದ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಆಗದವರು. ಅವರಲ್ಲಿ ಜಾಮೀನು ಸಿಕ್ಕೂ ಶ್ಯೂರಿಟಿ ಇಲ್ಲದೆ ಕೂತವರಿದ್ದಾರೆ. ಜಾಮೀನು ಸಿಕ್ಕ ಏಳು ದಿನದಲ್ಲಿ ಹೊರಬರದವರ ವಿಷಯವನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಹೇಳಿದೆ. ಬಡ ಕೈದಿಗಳ ಜಾಮೀನಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆಯೂ ಇದೆ. ದುಡ್ಡಿನ ದಾರಿ ಹೀಗೆ ಸ್ವಲ್ಪ ತೆರೆದಿದೆ. ಪಹಣಿ ಹಿಡಿದು ಬರುವ ಮನುಷ್ಯ ಮಾತ್ರ ಊರಿಂದಲೇ ಬರಬೇಕು.

ಆಗಸ್ಟ್ ತಿಂಗಳ ಎರಡನೇ ಭಾನುವಾರ ನಮ್ಮ ಚರ್ಚುಗಳಲ್ಲಿ ಕೈದಿಗಳಿಗಾಗಿ ವಿಶೇಷ ಪ್ರಾರ್ಥನೆ ಇರುತ್ತದೆ. ಅವತ್ತು ಫಾದರ್ ಮ್ಯಾಕ್ಸಿಮಿಲಿಯನ್ ಕೋಲ್ಬೆಯ ಕಥೆ ಹೇಳುತ್ತಾರೆ. 1941ರಲ್ಲಿ ಆಶ್‌ವಿಟ್ಜ್ ಶಿಬಿರದಲ್ಲಿ, ಹೆಂಡತಿ ಮಕ್ಕಳಿದ್ದ ಒಬ್ಬ ಕೈದಿಯ ಬದಲು ತಾನು ಸಾಯಲು ಮುಂದೆ ಬಂದ ಪಾದ್ರಿ ಅವರು. ಉಳಿದುಕೊಂಡ ಆ ಕೈದಿ 1995ರವರೆಗೆ ಬದುಕಿದ್ದರು. ಅಷ್ಟು ದೊಡ್ಡದನ್ನು ನಾನು ಯಾರಿಗೂ ಕೇಳುತ್ತಿಲ್ಲ. ಚರ್ಚಿನಲ್ಲಿ, ಮಠದಲ್ಲಿ, ಮಸೀದಿಯಲ್ಲಿ, ಸಂಘಗಳಲ್ಲಿ ಜಮೀನು ಇರುವವರು ಎಷ್ಟೋ ಜನರಿದ್ದೀರಿ. ವಿಚಾರಿಸಿ, ವಕೀಲರನ್ನು ಕೇಳಿ, ಭಯವಿದ್ದರೆ ಸಣ್ಣ ಕೇಸನ್ನೇ ಆರಿಸಿಕೊಳ್ಳಿ. ಒಬ್ಬರಿಗೆ ಒಂದು ಸಲ ನಿಲ್ಲಿ.

ನನ್ನ ಹೆಸರಲ್ಲಿ ಪಹಣಿ ಇಲ್ಲ, ಹಾಗಾಗಿ ನಾನು ನಿಲ್ಲಲು ಆಗುವುದಿಲ್ಲ. ಆದರೆ ಕೋರ್ಟಿಗೆ ಜೊತೆಯಲ್ಲಿ ಬರುತ್ತೇನೆ. ಯಾವ ಕಾಗದ ಬೇಕು, ಎಷ್ಟು ಜೆರಾಕ್ಸ್ ಬೇಕು, ಎಲ್ಲಿ ಸಹಿ ಹಾಕಬೇಕು ಎಲ್ಲ ಗೊತ್ತಿದೆ. ಸೋಮವಾರ ನನಗೆ ರಜೆ. ನನ್ನ ಫೋನ್ ನಂಬರನ್ನು ಈ ಪತ್ರದ ಜೊತೆ ಸಂಪಾದಕರಿಗೆ ಕಳಿಸಿದ್ದೇನೆ. ಬೇಕಾದವರು ಅವರನ್ನು ಕೇಳಿ ತೆಗೆದುಕೊಳ್ಳಬಹುದು.

ಇಂತಿ,
ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು