ಮಂಗನ ಕಾಯಿಲೆ: ನಮ್ಮನ್ನು ಒಟ್ಟಿಗೆ ಕೂರಿಸಿ – ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಸಾಗರ ತಾಲ್ಲೂಕಿನ ಹಳ್ಳಿ ಕಡೆ ಚಿಕ್ಕದೊಂದು ಕ್ಲಿನಿಕ್ ಇಟ್ಟುಕೊಂಡಿರುವ ವೈದ್ಯ. ಸರ್ಕಾರಿ ನೌಕರನಲ್ಲ. ಆದರೆ ಜ್ವರ ಬಂದರೆ ಇಲ್ಲಿನ ಜನ ಮೊದಲು ಬರುವುದು ನನ್ನಂಥವರ ಹತ್ತಿರವೇ. ಆಸ್ಪತ್ರೆ ದೂರ, ಬಸ್ಸು ಕಡಿಮೆ. ಅದಕ್ಕೇ ಕಾಡಿನ ಉಣುಗು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಮಂಗನ ಕಾಯಿಲೆಯ ವಿಚಾರವಾಗಿ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕಿದೆ.

ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಯಿತು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗ ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ. ಮೊದಲು ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ, ಸಂತೋಷ. ಅದು ಕೈಗೆ ಬರುವವರೆಗೆ ನಮಗಿರುವ ದಾರಿ ಒಂದೇ. ಬೇಗ ಸುಳಿವು ಹಿಡಿಯಬೇಕು, ಬೇಗ ಆರೈಕೆ ಕೊಡಬೇಕು. ಈ ಕಾಯಿಲೆಗೆಂದೇ ಇರುವ ಔಷಧಿ ಯಾವುದೂ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಸುಳಿವು ಸಿಗುವುದು ಎಲ್ಲಿ? ಕಾಡಿನಲ್ಲಿ ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿದ್ದು ಮೊದಲು ಕಣ್ಣಿಗೆ ಬೀಳುವುದು ಅರಣ್ಯ ಇಲಾಖೆಯ ವಾಚರ್‌ಗೆ. ದನದ ಮೈಮೇಲೆ ಉಣುಗು ಜಾಸ್ತಿಯಾಗಿದ್ದು ಗೊತ್ತಾಗುವುದು ಪಶುವೈದ್ಯರಿಗೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅನ್ನುವುದು ಆಶಾ ಕಾರ್ಯಕರ್ತೆಗೆ. ರಕ್ತದ ವರದಿ ವೈದ್ಯರ ಮೇಜಿನ ಮೇಲೆ. ಎಲ್ಲರೂ ಅವರವರ ಇಲಾಖೆಗೆ ಸರಿಯಾಗಿಯೇ ವರದಿ ಕಳಿಸುತ್ತಾರೆ. ಆದರೆ ಪಕ್ಕದಲ್ಲಿ ಕೂತವರಿಗೆ ಅದು ತಿಳಿಯುವುದಿಲ್ಲ.

ಒಂದು ಸಲ ತೋಟದ ಕೆಲಸದ ಹೆಂಗಸೊಬ್ಬರು ಜೋರು ಜ್ವರ, ಮೈಕೈ ನೋವು ಅಂತ ಬಂದರು. ಕಣ್ಣು ಕೆಂಪಾಗಿತ್ತು. ಡೆಂಗಿ ಇಲ್ಲ, ಪ್ಲೇಟ್‌ಲೆಟ್ ಮಾತ್ರ ಇಳಿದಿತ್ತು. ಸಿದ್ದಾಪುರದ ಕಡೆ ತವರಿಗೆ ಹೋಗಿದ್ದೆ ಅಂದರು. ಆ ಊರಿನ ಹತ್ತಿರ ಮುಸಿಯ ಸತ್ತಿದ್ದು ಅಲ್ಲಿನವರಿಗೆಲ್ಲ ಆಗಲೇ ಗೊತ್ತಿತ್ತಂತೆ. ಈಚೆ ಕಡೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಾಗರಕ್ಕೂ ಸಿದ್ದಾಪುರಕ್ಕೂ ಇರುವುದು ಒಂದೇ ಕಾಡು. ಆದರೆ ಸಿದ್ದಾಪುರ ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದು, ಅಲ್ಲಿನ ವರದಿ ಕಾರವಾರಕ್ಕೆ ಹೋಗುತ್ತದೆ, ನಮ್ಮದು ಶಿವಮೊಗ್ಗಕ್ಕೆ.

ಅದಾದ ಮೇಲೆ ಎರಡೂ ಕಡೆಯ ಕೆಲವರು ಸೇರಿ ಆಗಾಗ ಕೂರಲು ಶುರು ಮಾಡಿದೆವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಒಬ್ಬ ಪಶುವೈದ್ಯರು, ಅರಣ್ಯ ಇಲಾಖೆಯವರು, ನನ್ನಂಥ ಖಾಸಗಿಯವರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅಲ್ಲಿ ನಾನು ಕಲಿತದ್ದು ತುಂಬಾ ಇದೆ. "ಕಾಡಿಗೆ ಹೋಗಿದ್ರಾ ಅಂತ ಕೇಳಿದ್ರೆ ಇಲ್ಲ ಅಂತಾರೆ ಸಾರ್, ತಮ್ಮ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಿದ್ದನ್ನ ಅವರು ಲೆಕ್ಕಕ್ಕೇ ಹಿಡಿಯಲ್ಲ. ದರಕು (ಉದುರಿದ ಒಣ ಎಲೆ) ತಂದ್ರಾ, ಕೊಟ್ಟಿಗೆಗೆ ಸೊಪ್ಪು ಹಾಕಿದ್ದು ಯಾರು ಅಂತ ಕೇಳಿ" ಅಂದರು ಒಬ್ಬ ನರ್ಸ್. ಅವತ್ತಿನಿಂದ ನಾನು ಹಾಗೇ ಕೇಳುತ್ತೇನೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಬಾಟಲಿ ಮನೆಮನೆಗೂ ತಲುಪುತ್ತದೆ, ಆದರೆ ಕಪಾಟು ಸೇರಿಬಿಡುತ್ತದೆ. ಒಬ್ಬ ಆಶಾ ಕಾರ್ಯಕರ್ತೆ ಅದನ್ನು ಹಾಳೆ ಟೊಪ್ಪಿ, ಕತ್ತಿ ತೂಗುಹಾಕುವ ಜಾಗದಲ್ಲೇ ಇಡಿಸಿದರು. ಬೆಟ್ಟಕ್ಕೆ ಹೊರಟವರು ಹಚ್ಚಿಕೊಂಡೇ ಹೋಗತೊಡಗಿದರು. ಈಗ ಬೇರೆ ಊರಿನ ಆಶಾಗಳೂ ಹಾಗೇ ಮಾಡುತ್ತಿದ್ದಾರೆ. ಸರ್ಕಾರಿ ವೈದ್ಯರೊಬ್ಬರು ನಮಗೆ ಎರಡು ಮಾತು ಒತ್ತಿ ಹೇಳಿದರು. ಇಂಥ ಜ್ವರಕ್ಕೆ ಸುಮ್ನೆ ನೋವಿನ ಇಂಜೆಕ್ಷನ್ ಕೊಡಬೇಡಿ, ರಕ್ತಸ್ರಾವದ ಅಪಾಯ ಇದೆ. ಜ್ವರ ಬಿಟ್ಟಿತು ಅಂತ ಕೈಬಿಡಬೇಡಿ, ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ, ಆಗ ಮಿದುಳಿಗೂ ತೊಂದರೆ ಆಗಬಹುದು.

ಪರಿಶೀಲನಾ ಸಭೆಗಳಲ್ಲಿ ಇಂಥ ಮಾತು ಬರುವುದಿಲ್ಲ. ಅಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು ಅನ್ನುವುದರಲ್ಲೇ ಹೊತ್ತು ಮುಗಿಯುತ್ತದೆ. ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಜೊತೆಯಲ್ಲಿ ಕೆಲಸ ಮಾಡುವವರು ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಬೇರೆಯೇ ಹೊತ್ತು ಬೇಕು, ಅಲ್ವಾ?

ನಮ್ಮ ಈ ಕೂಟ ಗಟ್ಟಿಯಾಗಿಲ್ಲ. ಮುಂದೆ ನಿಂತು ನಡೆಸುತ್ತಿದ್ದ ವೈದ್ಯರಿಗೆ ವರ್ಗವಾದಾಗ ತಿಂಗಳುಗಟ್ಟಲೆ ನಿಂತೇ ಹೋಯಿತು. ಆಶಾ ಕಾರ್ಯಕರ್ತೆಯರು ತಮ್ಮ ಕೈಯಿಂದ ಬಸ್ ಚಾರ್ಜು ಹಾಕಿಕೊಂಡು ಬರುತ್ತಾರೆ. ಗೌರವಧನ, ಪ್ರೋತ್ಸಾಹಧನದಲ್ಲಿ ದುಡಿಯುವವರಿಂದ ಇದನ್ನು ಕೇಳುವುದು ತಪ್ಪು. ನನಗಂತೂ ಇದು ಬಹಳ ಬೇಸರದ ಸಂಗತಿ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಕಾಯಿಲೆಯ ಕಾಲವಾದ ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಂದು ಮಧ್ಯಾಹ್ನ, ಒಂದೇ ಕಾಡಿಗೆ ಹೊಂದಿಕೊಂಡ ಆರೋಗ್ಯ ಕೇಂದ್ರಗಳವರು ಜಿಲ್ಲೆ ಯಾವುದೇ ಇರಲಿ ಸೇರಿ ಕೂರಬೇಕು ಎಂದು ಆದೇಶ ಮಾಡಿ. ಅರಣ್ಯ ಮತ್ತು ಪಶುಪಾಲನಾ ಇಲಾಖೆಯವರೂ ಬರುವಂತೆ ಆ ಸಚಿವರ ಜೊತೆ ನೀವೇ ಮಾತಾಡಿ. ಅದನ್ನು ಕರ್ತವ್ಯದ ಹೊತ್ತು ಎಂದೇ ಲೆಕ್ಕ ಹಿಡಿಯಿರಿ, ಆಶಾಗಳಿಗೆ ಪ್ರಯಾಣದ ಖರ್ಚು, ಆ ದಿನದ ಭತ್ಯೆ ಕೊಡಿ. ಖಾಸಗಿ ವೈದ್ಯರನ್ನೂ ಕರೆಯಿರಿ. ನಮ್ಮ ಕ್ಲಿನಿಕ್‌ಗೆ ಬಂದ ರೋಗಿಯ ರಕ್ತದ ಮಾದರಿ ತಡವಿಲ್ಲದೆ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುವ ವ್ಯವಸ್ಥೆ ಮಾಡಿ.

ಮೊದಲ ಸಭೆಯನ್ನು ತಾಳಗುಪ್ಪದಲ್ಲಿ ಇಡಬಹುದು. ಸಾಗರದವರಿಗೂ ಸಿದ್ದಾಪುರದವರಿಗೂ ಹತ್ತಿರ. ಈ ಸಲದ ದರಕಿನ ಕೆಲಸ ಶುರುವಾಗುವ ಮೊದಲೇ ಆದೇಶ ನಮ್ಮ ಕೈಸೇರಲಿ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ವೈದ್ಯ