ಮಾಗಡಿ ಕೆರೆ ಭೇಟಿ: ಆರು ಮತ್ತು ಏಳನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಬರುವ ಶನಿವಾರ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದೊಯ್ಯಲು ನಿರ್ಧರಿಸಲಾಗಿದೆ. ಮಳೆನೀರು ಹಿಡಿದಿಟ್ಟು ಹೊಲಗಳಿಗೆ ಹಾಯಿಸಲೆಂದು ಕಟ್ಟಿದ ಈ ಕೆರೆ ಇಂದು ಪಕ್ಷಿಗಳ ಸಂರಕ್ಷಿತ ತಾಣವಾಗಿದ್ದು, 2024ರಲ್ಲಿ ನಮ್ಮ ರಾಜ್ಯದ ಅಂಕಸಮುದ್ರ ಪಕ್ಷಿಧಾಮ ಹಾಗೂ ಅಘನಾಶಿನಿ ಅಳಿವೆಯೊಂದಿಗೆ ಇದಕ್ಕೂ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ದೊರೆತಿದೆ. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲ ಕಳೆಯಲು ಬರುವುದು ನಮ್ಮ ಜಿಲ್ಲೆಯ ಈ ಕೆರೆಗೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನದ ಆಸೆ.

ಕೆರೆಯು ಗದಗದಿಂದ ಸುಮಾರು 26 ಕಿ.ಮೀ., ಶಿರಹಟ್ಟಿಯಿಂದ ಸುಮಾರು 8 ಕಿ.ಮೀ. ದೂರದಲ್ಲಿದೆ. ಬಸ್ಸು ಬೆಳಿಗ್ಗೆ ಎಂಟಕ್ಕೆ ಶಾಲೆಯಿಂದ ಹೊರಡುತ್ತದೆ. ಹೆಬ್ಬಾತುಗಳು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಿಗ್ಗೆ ಕೆರೆಗೆ ಮರಳಿ, ಹಗಲೆಲ್ಲ ನೀರಿನಲ್ಲೂ ದಂಡೆಯ ಮೇಲೂ ವಿಶ್ರಮಿಸುವುದರಿಂದ ಈ ಸಮಯವನ್ನು ಆರಿಸಿಕೊಂಡಿದ್ದೇವೆ.

ಕೆಲವು ಪೋಷಕರು ತಮ್ಮ ಬೈಕು, ಕಾರುಗಳಲ್ಲಿ ಬಸ್ಸಿನ ಹಿಂದೆಯೇ ಬರುವುದಾಗಿ ತಿಳಿಸಿದ್ದೀರಿ. ಕೆರೆ ಸಾರ್ವಜನಿಕರದು, ತಾವು ಬರುವುದು ಸಂತೋಷವೇ. ಆದರೆ ವಾಹನಗಳನ್ನು ಏರಿಯ ಮೇಲೆ ತರದೆ ಬಸ್ಸು ನಿಲ್ಲುವ ಜಾಗದಲ್ಲೇ ಬಿಟ್ಟು, ಮಕ್ಕಳೊಂದಿಗೆ ನಡೆದುಬರಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಒಂದು ಹಾರ್ನ್ ಸದ್ದಿಗೆ ಇಡೀ ಹಿಂಡು ಮೇಲೇಳುತ್ತದೆ. ಮರಳಿ ಹಿಮಾಲಯ ದಾಟಲು ಮೈಯಲ್ಲಿ ಕೂಡಿಟ್ಟುಕೊಳ್ಳಬೇಕಾದ ಶಕ್ತಿ ಹಾಗೆ ಗಾಬರಿಯಿಂದ ಹಾರುವುದರಲ್ಲಿ ವ್ಯರ್ಥವಾಗುತ್ತದೆ. ಅರಣ್ಯ ಇಲಾಖೆಯ ಸಿಬ್ಬಂದಿ ತೋರಿಸಿದ ಸ್ಥಳದಿಂದಲೇ ನೋಡಬೇಕು. ಫೋಟೊಗಾಗಿ ನೀರಿನ ಅಂಚಿಗೆ ಇಳಿಯುವುದು ಬೇಡ. ಅಲ್ಲಿನ ಕೆಸರು ಮಕ್ಕಳಿಗೂ ಅಪಾಯಕಾರಿ. ಬೆಳೆ ನಿಂತ ಹೊಲಗಳನ್ನು ತುಳಿದು ಹತ್ತಿರದ ದಾರಿ ಹಿಡಿಯುವುದೂ ಸಲ್ಲದು, ಏಕೆಂದರೆ ಈ ಹಕ್ಕಿಗಳ ಮೇವಿನ ಭಾರವನ್ನು ಹೊತ್ತಿರುವವರು ಆ ಹೊಲಗಳ ರೈತರೇ.

ದುರ್ಬೀನು ಇರುವವರು ಕೊಟ್ಟು ಕಳುಹಿಸಿದರೆ ಉಪಕಾರವಾಗುತ್ತದೆ. ಬಿಳಿ ತಲೆಯ ಹಿಂಬದಿಯಲ್ಲಿರುವ ಎರಡು ಕಪ್ಪು ಪಟ್ಟೆಗಳು ಬರಿಗಣ್ಣಿಗೆ ದೂರದಿಂದ ಸರಿಯಾಗಿ ಕಾಣುವುದಿಲ್ಲ. ಮಕ್ಕಳಿಗೆ ಮಾಸಲು ಬಣ್ಣದ ಬಟ್ಟೆ, ಟೊಪ್ಪಿಗೆ, ಡಬ್ಬಿಯಲ್ಲಿ ರೊಟ್ಟಿ, ಬಾಟಲಿಯಲ್ಲಿ ನೀರು ಇರಲಿ. ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಬೇಡ. ಹಕ್ಕಿಗಳಿಗೆ ಯಾರೂ ಏನನ್ನೂ ಎಸೆಯುವಂತಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕು. ದೂರ ನಡೆಯಲಾಗದ ಮಕ್ಕಳಿದ್ದರೆ ಅದರಲ್ಲೇ ತಿಳಿಸಿ, ಅವರಿಗೆ ಬೇರೆ ವ್ಯವಸ್ಥೆ ಮಾಡುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು